ಮಾಸ್ತರ ಸಮಾಧಿ ಕಲ್ಲಿನ ಮ್ಯಾಲ ಏನ ಬರಿಬೇಕು: ನನ್ನ ಅನುಭವ

ಎರಿ ಹೊಲದಾಗ ಮಣ್ಣ ಮಾಡಿದ್ರ ಒಂದ ಮಳಿಗಾಲ ದಾಟೂತನಕ ಮ್ಯಾಲ ಕಲ್ಲ ಇಡಬಾರದ್ರಿ. ಎರಿ ಮಣ್ಣು ನೀರು ಕುಡದು ಉಬ್ಬತದ, ಬ್ಯಾಸಗ್ಯಾಗ ಬಿರಿತದ, ಅವಸರ ಮಾಡಿ ನಿಲ್ಲಿಸಿದ ಕಲ್ಲು ಎರಡ ವರ್ಷಕ್ಕ ವಾಲಿರತದ. ಮಹಾರಾಷ್ಟ್ರದ ಅಕ್ಕಲಕೋಟ ಕಡೆ ಇರೋ ನಮ್ಮೂರ ಕನ್ನಡ ಸಾಲಿ ಮಾಸ್ತರು 2022ರ ಜುಲೈದಾಗ ಲಿಂಗೈಕ್ಯ ಆದಾಗ ಮಳಿ ಹಿಡದಿತ್ತು, ತೆಗ್ಗು ತೋಡ್ಲಿಕ್ಕೆ ನಾನೂ ಇದ್ದೆ, ಬಾಜೂ ಮಣ್ಣು ಕುಸಿದು ಎರಡ ಸಲ ಮತ್ತ ತೆಗದ್ವಿ. ಮಾಸ್ತರ ಪಾದದ ಅಳತಿ ದಾರಕ್ಕ ಹಿಡಕೊಂಡು ಅಯ್ಯನವರು ಹೇಳಿದಂಗ ತೋಡಿ, ಒಳಗ ಗೂಡು ಮಾಡಿ, ಕೂಡಿಸಿ, ಕೈಯಾಗ ಇಷ್ಟಲಿಂಗ ಇಟ್ಟು, ವಿಭೂತಿ, ಪತ್ರಿ, ಉಪ್ಪು ಹಾಕಿ ಮಣ್ಣ ಕೊಟ್ವಿ. ಮಾಸ್ತರನ್ನ ಕೂಡಿಸಿ ಹೊತ್ತ ವಿಮಾನದ (ಸಿಂಗಾರ ಮಾಡಿದ ಚಟ್ಟದ) ಹಿಂದ ಭಜನಿಯವರು, ಅವರ ಹಿಂದ ನಾಲ್ಕು ಊರ ಹಳೇ ವಿದ್ಯಾರ್ಥಿಗಳು, ಮಳ್ಯಾಗ ಯಾರೂ ಛತ್ರಿ ಬಿಚ್ಚಲಿಲ್ಲ.

ಮೂರನೇ ದಿನ ಅವರ ದೊಡ್ಡ ಮಗಳು ನನಗ, "ಅಣ್ಣಾ, ನೀನ ಅಪ್ಪಾಜಿ ಕಡೆ ಕಲ್ತವ, ಕಲ್ಲಿನ ಮ್ಯಾಲ ಬರಿಯೂದು ನೀನ ನೋಡು, ವರ್ಷದ ಪುಣ್ಯಸ್ಮರಣೆಗೆ ಒಂದ ಸಣ್ಣ ಪುಸ್ತಕಾನೂ ಆಗ್ಲಿ" ಅಂದ್ರು. ಹೂಂ ಅಂದೆ. ನಾಲ್ಕ ಸಾಲ ತಾನೆ ಅನ್ಕೊಂಡಿದ್ದೆ, ಹನ್ನೊಂದು ತಿಂಗಳ ಹಿಡೀತು.

ಮೊದಲು ಹುಟ್ಟಿದ ತಾರೀಖು. ಸಾಲಿ ದಾಖಲಾ, ಸರ್ವಿಸ್ ಬುಕ್, ಪೆನ್ಶನ್ ಕಾಗದ ಎಲ್ಲಾದ್ರಾಗೂ 1 ಜೂನ್ 1945. ಅದರ ಪ್ರಕಾರ 58 ತುಂಬಿ 2003ರ ಮೇ 31ಕ್ಕ ನಿವೃತ್ತಿ ಆಗ್ಯಾರ. ಆದ್ರ ನಮ್ಮ ಕಡೆ ಆ ಕಾಲದವ್ರನ್ನ ಕೇಳ್ರಿ, ಅರ್ಧ ಊರು ಜೂನ್ ಒಂದಕ್ಕ ಹುಟ್ಟೇದ, ಯಾಕಂದ್ರ ಸಾಲಿಗೆ ಹಾಕೂಮುಂದ ತಂದಿ ತಾಯಿಗೆ ತಾರೀಖು ಗೊತ್ತಿಲ್ಲಂದ್ರ ಆಗಿನ ಸಾಲಿಯವ್ರು ಅದನ್ನ ಬರಕೋತಿದ್ರು. ಹಂಗಾಗಿ ನಾ ಇಂಡಿ ತಾಲೂಕಿಗೆ ಹೋದೆ, ಅಲ್ಲಿ ಮಾಸ್ತರ ಅಕ್ಕ ಅದಾರ, ಎಂಬತ್ತು ದಾಟ್ಯಾವ, ಓದು ಬರಹ ಇಲ್ಲ, ನೆನಪು ಮಾತ್ರ ಗಟ್ಟಿ. ಅವರ ಮೂಲ ಊರು ಆಳಂದ ಕಡೆ, ಅಂದ್ರ ಆಗ ನಿಜಾಮನ ಸೀಮಿ. "ರಜಾಕಾರರ ಗದ್ದಲದಾಗ ಇವನ್ನ ನಾನ ಬಗಲಾಗ ಎತ್ಕೊಂಡು ಈ ಕಡೆ ಓಡಿ ಬಂದೀನಪಾ, ಇನ್ನಾ ಅಂಬೆಗಾಲ ಇಡತಿದ್ದ, ಹುಟ್ಟಿದ್ದು ಹಿಂದಿನ ಸೀಗಿ ಹುಣ್ಣಿಮಿಗೆ" ಅಂದ್ರು. ಪೊಲೀಸ್ ಆಕ್ಷನ್ ಆಗಿದ್ದು 1948ರ ಸೆಪ್ಟೆಂಬರ್, ಗದ್ದಲ ಅದಕ್ಕಿಂತ ಮೊದಲಿನದು, ಅಂದ್ರ ಹುಟ್ಟಿದ್ದು 1947. ಎರಡ ವರ್ಷ ಹೆಚ್ಚ ಬರಸಿ ಸಾಲಿಗೆ ಹಾಕ್ಯಾರ ಅಷ್ಟ. ಹಿಂಗ ನಾ ಎಲ್ಲಾನೂ ಘಟನಾಕ್ಕ ಗಂಟ ಹಾಕಿ ಕೇಳ್ಕೋತ ಹೋದೆ: ಬರಗಾಲದ ಮುಂದೋ ಹಿಂದೋ (1972), ಕಿಲ್ಲಾರಿ ಭೂಕಂಪ ಆದಾಗ ಮನಿ ಕಟ್ಟಿತ್ತೋ ಇಲ್ಲೋ (1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿದ ಮರುದಿನ ನಸುಕಿನ್ಯಾಗ). ವಯಸ್ಸಾದವ್ರಿಗೆ ಇಸವಿ ಕೇಳಿದ್ರ ಸುಮ್ನ ಕೂಡತಾರ, ಭೂಕಂಪ ಅಂದ್ರ ಸಾಕು, ಆ ರಾತ್ರಿ ಯಾರ ಯಾರ ಎಲ್ಲಿ ಮಲಗಿದ್ರು ಅನ್ನೂದನ್ನೂ ಹೇಳತಾರ.

ಬರಗಾಲದ ಮಾತು ತಗದ್ದಕ್ಕ ನಮ್ಮ ಓಣಿ ಆಯಿ ಒಬ್ಬರು ಅತ್ತರು. ಆಗ ಊರಿಗೆ ಊರ ಬರಗಾಲದ ಕೆಲಸಕ್ಕ ಖಡಿ (ಜಲ್ಲಿ ಕಲ್ಲು) ಒಡಿಲಿಕ್ಕೆ ಹೋಗತಿತ್ತು, ಮಸ್ಟರದಾಗ (ಹಾಜರಿ ಪುಸ್ತಕದಾಗ) ಹಾಜರಿ ತಪ್ಪಿದ್ರ ಪಗಾರ ಇಲ್ಲ, ಓದಾಕ ಬಾರದ ಹೆಣ್ಣಮಕ್ಕಳಿಗೆ ಏನ ಬರದಾರ ಅಂತ ಹೆಂಗ ತಿಳೀಬೇಕು. ಸಾಲಿ ಬಿಟ್ಟ ಮ್ಯಾಲ ಮಾಸ್ತರು ಅಲ್ಲಿ ಹೋಗಿ ಒಬ್ಬೊಬ್ಬರ ಹೆಸರು ಜೋರಾಗಿ ಓದಿ ಹೇಳತಿದ್ರಂತ. "ನನ್ನ ಆರ ದಿನದ ರೊಕ್ಕ ಮಾಸ್ತರ ಕೊಡಿಸ್ಯಾನ" ಅಂದ್ರು ಆಯಿ. ಇದು ಯಾವ ಸರ್ವಿಸ್ ಬುಕ್ಕದಾಗೂ ಇಲ್ಲ, ಪುಸ್ತಕದ ಮೊದಲನೇ ಪುಟಕ್ಕ ಇದನ್ನ ಹಾಕೀನಿ, ಆದರ್ಶ ಶಿಕ್ಷಕ ಸರ್ಟಿಫಿಕೇಟು ಹಿಂದ ಹೋತು.

ಮನೆತನದ ವಿಷಯಕ್ಕ, ಊರೂರು ತಿರಗಿ ವಂಶಾವಳಿ ಬರದಿಟ್ಟು ಓದಿ ಹೇಳೂ ಹೆಳವರು ಬಂದಾಗ ಕೂಡಿಸ್ಕೊಂಡೆ. ಸುಗ್ಗಿ ಮುಗದ ಮ್ಯಾಲ ಎತ್ತಿನ ಜೋಡಿ ಬಂದ್ರು, ಪುಸ್ತಕ ಬಿಚ್ಚಿ ಏಳ ತಲಿಮಾರು ಓದಿದ್ರು, ಬಾಳ ಛಲೋ ಆತು, ಆದ್ರ ಮಾಸ್ತರ ಹೆಸರಿನ ಕೆಳಗ ಇಬ್ಬರು ಗಂಡಮಕ್ಕಳ ಹೆಸರು ಅಷ್ಟ. ಮೂರು ಹೆಣ್ಣಮಕ್ಕಳು ಎಲ್ಲಿ? ಒಬ್ಬಾಕಿನ್ನ ಅಫಜಲಪುರಕ್ಕ, ಒಬ್ಬಾಕಿನ್ನ ಜತ್ತಿಗೆ, ಒಬ್ಬಾಕಿನ್ನ ಸೊಲ್ಲಾಪುರಕ್ಕ ಕೊಟ್ಟಾರ. ಆಮ್ಯಾಲ ತಲಾಠಿ (ಊರ ಲೆಕ್ಕಿಗ) ಕಚೇರ್ಯಾಗ ಹೊಲದ ಹಳೇ ಫೇರಫಾರ, ಅಂದ್ರ ಹೊಲ ಯಾರಿಂದ ಯಾರ ಹೆಸರಿಗೆ ಹೋತು ಅನ್ನೂ ದಾಖಲಾ, ತಗಸಿದೆ. ಇದು ಬರಕೊಳ್ರಿ ಯಾರಾದ್ರೂ ಇಂಥಾ ಕೆಲಸ ಮಾಡವ್ರಿದ್ರ, ಸಾತಬಾರಾ ಉತಾರಿಕ್ಕಿಂತ (ಹೊಲದ ಪಹಣಿ) ಫೇರಫಾರದ ವಾರಸ ನೋಂದು ಉಪಯೋಗಕ್ಕ ಬರತದ, 1956ರ ಹಿಂದೂ ವಾರಸಾ ಕಾಯ್ದೆ ಆದ ಮ್ಯಾಲ ಸತ್ತವ್ರದಾದ್ರ ಹೆಂಡತಿ, ಗಂಡಮಕ್ಕಳು, ಹೆಣ್ಣಮಕ್ಕಳು ಎಲ್ಲಾರ ಹೆಸರು ಸಾಲಾಗಿ ಇರಬೇಕು. ಮಾಸ್ತರ ತಂದಿ ತೀರಿದಾಗಿನ ನೋಂದಿನ್ಯಾಗ ಇಬ್ಬರು ಅಕ್ಕತಂಗ್ಯಾರ ಹೆಸರಿದ್ವು. ನಮಗೆಲ್ಲಾ ಗೊತ್ತಿದ್ದಾಕಿ ಒಬ್ಬಾಕಿ. ಇಂಡಿಗೆ ಫೋನ್ ಮಾಡಿ ಆ ಹೆಸರು ಓದಿದೆ, ಆ ಕಡೆಯಿಂದ ಎಷ್ಟೊತ್ತನಕ ಮಾತಿಲ್ಲ. "ಬಾಣಂತಿತನದಾಗ ಹೋತಪಾ, ಆಕಿ ಹೆಸರು ಯಾರ ಬಾಯಾಗೂ ಕೇಳಿ ಎಷ್ಟ ವರ್ಷ ಆಗಿತ್ತು" ಅಂದ್ರು. ಆ ಹೆಸರೂ ಪುಸ್ತಕದಾಗ ಅದ.

ಇನ್ನ ಕಲ್ಲಿನ ಭಾಷಾ. ಪುಣೆದಾಗಿರೋ ದೊಡ್ಡ ಮಗ ಮರಾಠಿ ಇರಲಿ ಅಂದ್ರು, ಮೊಮ್ಮಕ್ಕಳಿಗೆ ಕನ್ನಡ ಓದಾಕ ಬರೂದಿಲ್ಲ, ಅವರ ಮಾತೂ ಖರೇನ. ಆದ್ರ ಗಡಿ ತಂಟೆ ಬಗ್ಗೆ ಬಂದ 1967ರ ಮಹಾಜನ ವರದಿ ಅಕ್ಕಲಕೋಟ ಕರ್ನಾಟಕಕ್ಕ ಕೊಡ್ರಿ ಅಂದಾಗಿಂದ ನಿವೃತ್ತಿ ಆಗೂತನಕ ಈ ಮನಷ್ಯಾ ರಾಜಕೀಯದ ಒಂದ ಮಾತೂ ಆಡಲಿಲ್ಲ, ದಿನಾ ಮುಂಜಾನೆ ಜಿಲ್ಲಾ ಪರಿಷದ್ ಸಾಲ್ಯಾಗ ನಿಂತು ಕನ್ನಡ ತಿದ್ದಿಸಿದ್ರು, ಬಾಲಭಾರತಿ (ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ) ಕನ್ನಡ ಪುಸ್ತಕ ತಡ ಆದ್ರ ತಾವ ಕೈಲೇ ಬರದು ಹಂಚತಿದ್ರು. ಅವರ ತಲಿಮ್ಯಾಲ ಬ್ಯಾರೆ ಅಕ್ಷರ ನನಗ ಒಪ್ಪಲಿಲ್ಲ. ಕಡೀಕ ಮುಂದ ಕನ್ನಡ, ಹಿಂದ ಸಣ್ಣದಾಗಿ ಮರಾಠಿ ಅಂತ ದೊಡ್ಡ ಮಗಳು ತೀರ್ಪ ಕೊಟ್ರು, ನನಗೂ ಸಮಾಧಾನ ಆತು.

ಕಲ್ಲ ಕೆತ್ತವ್ರಿಗೆ ಕನ್ನಡ ಬರೂದಿಲ್ಲ, ಅವರ ಕಂಪ್ಯೂಟರದಾಗ "ಲಿಂಗೈಕ್ಯ" ಹೊಡದ್ರ ಯ ಒತ್ತು ಬ್ಯಾರೆ ಕಡೆ ಹೋಗಿ ಕೂಡತಿತ್ತು, ಅದನ್ನ ಹಂಗ ಕೆತ್ತಲಿಕ್ಕೂ ತಯಾರಾಗಿದ್ರು! ನಾ ಮೊಬೈಲದಾಗ ಟೈಪ್ ಮಾಡಿ, ಪಿಡಿಎಫ್ ಮಾಡಿ, ಕಲ್ಲಿನ ಅಳತಿಗೇ ಪ್ರಿಂಟ್ ತಗಸಿ ಒಯ್ದೆ, ಅದನ್ನ ಕಾರ್ಬನ್ ಇಟ್ಟು ಕಲ್ಲಿಗೆ ಇಳಿಸಿದ್ವಿ, ಉಳಿ ಹಚ್ಚೂ ಮೊದಲ ಒಂದೊಂದ ಒತ್ತಕ್ಷರ ಬಟ್ಟಿಟ್ಟು ನೋಡೀನಿ. ಜನನದ ಮುಂದ ತಾರೀಖು ಇಲ್ಲ, "1947, ಸೀಗಿ ಹುಣ್ಣಿಮೆ" ಅಂತ ಬರಸೀನಿ.

ಕಲ್ಲ ನಿಲ್ಲಿಸಿದ್ದು ಮಳಿ ಒಂದ ದಾಟಿ, ಬ್ಯಾಸಗಿ ಬಿರುಕೆಲ್ಲಾ ಗರಸು ತುಂಬಿ ಧಮ್ಮಸ ಮಾಡಿದ (ಬಡದು ಗಟ್ಟಿ ಮಾಡಿದ) ಮ್ಯಾಲ. ಬಲಗಡೆ ಅರ್ಧ ಖಾಲಿ ಬಿಡಸೀವಿ, ಮಾಸ್ತರ ಹೆಂಡತಿ ತಾವ ಬಂದು ಆ ಜಾಗಾ ಕೈಲೇ ಸವರಿ, "ನಂದು ಬರಿಯೂಮುಂದೂ ನೀನ ಒತ್ತಕ್ಷರ ನೋಡಪಾ" ಅಂದ್ರು.