ಸೋತ ಪ್ರೀಸೀಸನ್ ಪಂದ್ಯ ನೋಡಿ ಟೀಮ್ ಕಟ್ಟಿದ ನನ್ನ ಅನುಭವ

2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದಲ್ಲಿ ಆಡುವ ನಮ್ಮ ಡಲ್ಲಾಸ್ ಮ್ಯಾವರಿಕ್ಸ್ ಹೊರದೇಶಕ್ಕೆ ಹೋಗಿ, ಸೀಸನ್ ಶುರುವಾಗುವ ಮುಂಚಿನ ತಾಲೀಮು ಪಂದ್ಯಗಳಲ್ಲಿ (ಪ್ರೀಸೀಸನ್) ಮೂರಕ್ಕೆ ಮೂರೂ ಸೋತು ಬಂದರು. ಅಬುಧಾಬಿಯಲ್ಲಿ ಮಿನ್ನೆಸೋಟ ಟಿಂಬರ್‌ವುಲ್ವ್ಸ್ ಎದುರು 111-99. ಎರಡು ದಿನ ಬಿಟ್ಟು ಅವರ ಎದುರೇ 104-96. ಅಲ್ಲಿಂದ ಮ್ಯಾಡ್ರಿಡ್‌ಗೆ ಹೋಗಿ ರಿಯಲ್ ಮ್ಯಾಡ್ರಿಡ್ ಕೈಲಿ 127-123. ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ಶನಿವಾರ ಆಡುವ ನಮ್ಮ ಕನ್ನಡದ ಗುಂಪಿನಲ್ಲಿ ಆಟಕ್ಕಿಂತ ಗೋಳೇ ಜಾಸ್ತಿ ಆಯ್ತು. "ಕ್ಲಬ್ ಟೀಮ್ ಕೈಲೂ ಸೋತ್ರಲ್ಲೋ, ಈ ವರ್ಷನೂ ಗೋವಿಂದ" ಅಂದರು ಮಂಡ್ಯದ ಅಣ್ಣ. ಮಂಗಳೂರಿನವ ಟೀಮ್‌ನ ಸ್ಟಾರ್ ಆಟಗಾರನ ಬಗ್ಗೆಯೇ "ಲೂಕಾನ ಮಾರಿಬಿಡುವುದು ಒಳ್ಳೇದು ಮಾರಾಯ" ಅಂತ ಹೇಳುವಷ್ಟು ದೂರ ಹೋದ.

ನಾನು ಅದೇ ಮೂರು ಪಂದ್ಯ ನೋಡಿ, ನಮ್ಮ ಫ್ಯಾಂಟಸಿ ಲೀಗ್‌ನ (ನಿಜವಾದ ಆಟಗಾರರನ್ನು ಸರದಿಯಲ್ಲಿ ಆರಿಸಿ ಕಾಗದದ ಮೇಲೆ ಟೀಮ್ ಕಟ್ಟಿ, ಅವರ ಆಟದ ಅಂಕಿಗಳ ಮೇಲೆ ಗೆಲ್ಲುವ ಆಟ) ಡ್ರಾಫ್ಟ್‌ನ, ಅಂದರೆ ಆಯ್ಕೆಯ, ಕೊನೆಯ ಸುತ್ತಿನಲ್ಲಿ ಮ್ಯಾವರಿಕ್ಸ್‌ನ ಹೊಸ ಹುಡುಗ ಡೆರೆಕ್ ಲೈವ್ಲಿಯನ್ನು ತಗೊಂಡೆ. ಎಲ್ಲರೂ ನಕ್ಕರು. ಏಪ್ರಿಲ್‌ನಲ್ಲಿ ದುಡ್ಡು ನನ್ನ ಜೇಬಿಗೆ ಬಂತು, ಜೂನ್‌ನಲ್ಲಿ ಮ್ಯಾವರಿಕ್ಸ್ ಫೈನಲ್ಸ್ ಆಡಿದರು. ನಾಲ್ಕು ಜನ "ಅದೇನು ಮಾಡಿದೆ, ಬರೆದು ಹಾಕು" ಅಂತ ಕೇಳಿದ್ದಕ್ಕೆ ಇದು. ಎಲ್ಲವನ್ನೂ ಹೇಳಲ್ಲ, ಮೊದಲೇ ಹೇಳಿಬಿಡ್ತೀನಿ. ನಮ್ಮ ಲೀಗ್‌ನವರೂ ಓದ್ತಾರೆ.

ಅವರು ಗೋಳಾಡಿದ್ದರಲ್ಲಿ ತಪ್ಪೇನಿಲ್ಲ. ಹಿಂದಿನ ಸೀಸನ್ ಅಷ್ಟು ಕೆಟ್ಟದಾಗಿತ್ತು. ಫೆಬ್ರವರಿಯಲ್ಲಿ ದೊಡ್ಡ ಹೆಸರಿನ ಕೈರಿ ಅರ್ವಿಂಗ್‌ನನ್ನು ತಂದರೂ 38-44ಕ್ಕೆ (38 ಗೆಲುವು, 44 ಸೋಲು) ಮುಗಿಸಿ ಪ್ಲೇಆಫ್ ಕಳೆದುಕೊಂಡರು. ಕೊನೆಯಲ್ಲಿ ಶಿಕಾಗೋ ಎದುರು ಮುಖ್ಯ ಆಟಗಾರರನ್ನು ಕೂರಿಸಿದ್ದಕ್ಕೆ ಎನ್‌ಬಿಎ ಏಳೂವರೆ ಲಕ್ಷ ಡಾಲರ್ ದಂಡ ಹಾಕಿತು. ಆ ಸೋಲಿನ ಲಾಭ ಅಂದರೆ, ಸೋತವರಿಗೆ ಮುಂಚೆ ಸಿಗುವ, ಹೊಸ ಆಟಗಾರನನ್ನು ಆರಿಸುವ ಸರದಿ (ಪಿಕ್) ಕೈಯಲ್ಲೇ ಉಳಿಯಿತು. ಆ ಹತ್ತನೇ ಪಿಕ್ ಜೊತೆ ಬರ್ಟಾನ್ಸ್ ಅನ್ನುವ ಆಟಗಾರನ ಭಾರಿ ಕಾಂಟ್ರ್ಯಾಕ್ಟನ್ನೂ ಓಕ್ಲಹೋಮಾ ಟೀಮ್‌ಗೆ ಸಾಗಹಾಕಿ, ಹನ್ನೆರಡನೇ ಪಿಕ್‌ನಲ್ಲಿ ತಂದ ಹುಡುಗನೇ ಲೈವ್ಲಿ. ಏಳಡಿ ದಾಟಿದ ಎತ್ತರ, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಒಂದೇ ವರ್ಷ. ಕಾಲೇಜಿನಲ್ಲಿ ಅವನ ಅಂಕ ನೋಡಿದ ಯಾರೂ ಫ್ಯಾಂಟಸಿಗೆ ಅವನ ಹೆಸರು ಎತ್ತುತ್ತಿರಲಿಲ್ಲ.

ನನ್ನ ಈ ಹುಚ್ಚು ಶುರುವಾಗಿದ್ದು ಮುಂಬೈಯಲ್ಲಿ. 2019ರ ಅಕ್ಟೋಬರ್‌ನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನ ಪೇಸರ್ಸ್ ಅಲ್ಲಿನ ಎನ್‌ಎಸ್‌ಸಿಐ ಡೋಮ್‌ನಲ್ಲಿ ಎರಡು ಪ್ರೀಸೀಸನ್ ಪಂದ್ಯ ಆಡಿದರು. ಭಾರತದಲ್ಲಿ ಎನ್‌ಬಿಎ ತಂಡಗಳು ಆಡಿದ್ದು ಅದೇ ಮೊದಲು. ನಾನಾಗ ಬೆಂಗಳೂರಿನಲ್ಲಿದ್ದೆ. ಶುಕ್ರವಾರದ ಪಂದ್ಯ ಶಾಲೆ ಮಕ್ಕಳಿಗೆ, ಹಾಗಾಗಿ ನಮಗೆ ಶನಿವಾರದ್ದೇ ಗತಿ. ಟಿಕೆಟ್, ಬಸ್ಸು, ಲಾಡ್ಜು ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಕೈ ಬಿಟ್ಟಿತು. ಕಿಂಗ್ಸ್ ಮೊದಲ ದಿನ ಓವರ್‌ಟೈಮ್‌ನಲ್ಲಿ 132-131ಕ್ಕೆ ಸೋತರು, ಎರಡನೇ ದಿನ 130-106ಕ್ಕೆ. ನಾನು ನೋಟ್‌ಬುಕ್ ಹಿಡಿದು ಕೂತು ಬರೆದದ್ದು ಬರೀ ಅಂಕ. ಯಾರು ಎಷ್ಟು ಹೊಡೆದರು, ಎಷ್ಟು ತ್ರೀ (ದೂರದಿಂದ ಹೊಡೆಯುವ ಮೂರು ಅಂಕದ ಹೊಡೆತ) ಬಿತ್ತು, ಅಷ್ಟೇ. ಕಣ್ಣೆದುರೇ ಪೇಸರ್ಸ್‌ನ ಡೊಮಾಂಟಸ್ ಸಬೋನಿಸ್ ಸ್ಕ್ರೀನ್ ಹಾಕುತ್ತಾ (ಜೊತೆಗಾರನಿಗೆ ದಾರಿಯಾಗಲಿ ಅಂತ ಎದುರಾಳಿಗೆ ಅಡ್ಡ ನಿಲ್ಲುತ್ತಾ), ಫ್ರೀ ಥ್ರೋ ಗೆರೆಯ ಮೂಲೆಯಿಂದ ಪಾಸ್ ಕೊಡುತ್ತಾ ಓಡಾಡಿದ. ಅದಕ್ಕೆ ನನ್ನ ನೋಟ್‌ಬುಕ್‌ನಲ್ಲಿ ಕಾಲಂ ಇರಲಿಲ್ಲ. ಆ ಸೀಸನ್ ಅವನು ಮೊದಲ ಸಲ ಆಲ್‌ಸ್ಟಾರ್ (ವರ್ಷದ ಅತ್ಯುತ್ತಮರ ಪಂದ್ಯಕ್ಕೆ ಆಯ್ಕೆ) ಆದ. ನಮ್ಮ ಬೆಂಗಳೂರಿನ ಲೀಗ್‌ನಲ್ಲಿ ಅವನನ್ನು ತಗೊಂಡವನು ಆ ಪಂದ್ಯ ನೋಡಿಯೇ ಇರಲಿಲ್ಲ!

ಕಿಂಗ್ಸ್ ಸೀಸನ್‌ನ ಮೊದಲ ಐದೂ ಪಂದ್ಯ ಸೋತರು. ಆಹಾ, ಪ್ರೀಸೀಸನ್ ಸೋಲು ನಿಜ ಹೇಳಿತು ಅಂದುಕೊಂಡು ನನ್ನ ಫ್ಯಾಂಟಸಿ ಟೀಮ್‌ನಲ್ಲಿದ್ದ ಕಿಂಗ್ಸ್‌ನ ಬಡಿ ಹೀಲ್ಡ್‌ನನ್ನು ಅಗ್ಗಕ್ಕೆ ಕೊಟ್ಟುಬಿಟ್ಟೆ. ಅವನು ಆ ವರ್ಷ ಪಂದ್ಯಕ್ಕೆ 19ರ ಮೇಲೆ ಹೊಡೆದ. ಇನ್ನೊಂದು ಕಡೆ, ಮುಂಬೈಯಲ್ಲಿ ಎರಡೂ ಗೆದ್ದ ಪೇಸರ್ಸ್ ಸೀಸನ್‌ನ ಮೊದಲ ಮೂರು ಸೋತರು, ಆದರೆ ಕೊನೆಗೆ 45-28ಕ್ಕೆ ಮುಗಿಸಿದರು. ಎರಡೂ ತಂಡ ಅದೇ ಊರಿಗೆ ಹೋಗಿ ಬಂದವು, ಎರಡೂ ಎಡವಿದವು, ಆಮೇಲೆ ದಾರಿ ಬೇರೆಯಾಯ್ತು. ಸ್ಕೋರ್‌ನಿಂದ ಇದರಲ್ಲಿ ಏನು ಹೆಕ್ಕೋದು?

ಆದರೂ ಬಿಡಲಿಲ್ಲ. ಟೆಕ್ಸಾಸ್‌ಗೆ ಬಂದ ಮೇಲೆ 'ಪ್ರಯಾಣದ ತೂಕ' ಅಂತ ಒಂದು ಎಕ್ಸೆಲ್ ಸೂತ್ರ ಕಟ್ಟಿದೆ. ಎಷ್ಟು ಗಂಟೆ ಹಾರಾಟ, ಎಷ್ಟು ಟೈಮ್ ಜೋನ್, ವಾಪಸ್ ಬಂದ ಮೇಲೆ ಎಷ್ಟು ದಿನ ಬಿಡುವು, ಎಲ್ಲಕ್ಕೂ ಅಂಕಿ. ಅದನ್ನು ನಂಬಿ ಹೊರದೇಶಕ್ಕೆ ಹೋದ ಟೀಮ್‌ಗಳ ಆಟಗಾರರನ್ನು ಮೊದಲ ಎರಡು ವಾರ ಬೆಂಚ್ ಮೇಲೆ ಕೂರಿಸುತ್ತಿದ್ದೆ. ಚೆನ್ನಾಗಿ ಆಡಿದವರೆಲ್ಲ ಆ ಎರಡು ವಾರದಲ್ಲೇ ಆಡಿದರು. ಲೀಗ್ ಫೀಸು, ಅಂಕಿಅಂಶ ಕೊಡುವ ಒಂದು ವೆಬ್‌ಸೈಟ್‌ನ ಚಂದಾ, ಒಂದು ಸ್ಟ್ರೀಮಿಂಗ್ ಕಂಪನಿಗೆ ಕಟ್ಟಿ ಲೋಕಲ್ ಪಂದ್ಯವೇ ಬರದೆ ಮುಳುಗಿದ ದುಡ್ಡು, ಎಲ್ಲ ಸೇರಿಸಿದರೆ ಆರುನೂರು ಡಾಲರ್ ಆಸುಪಾಸು ಹೋಗಿರಬೇಕು. ಹೆಂಡತಿ ಲೆಕ್ಕ ಬೇರೆ, ಅದು ಇನ್ನೂ ಜಾಸ್ತಿ.

ಹಳೇ ಸೋಲುಗಳನ್ನೂ ಗುಡ್ಡೆ ಹಾಕಿ ನೋಡಿದೆ. 2012ರಲ್ಲಿ ಇದೇ ಮ್ಯಾವರಿಕ್ಸ್ ಬಾರ್ಸಿಲೋನಾದಲ್ಲಿ 99-85ಕ್ಕೆ ಸೋತು, ಆ ಸೀಸನ್ 41-41 ಮಾಡಿ ಮನೆಗೆ ಹೋದರು. 2016ರಲ್ಲಿ ಓಕ್ಲಹೋಮಾ ಥಂಡರ್ ಮ್ಯಾಡ್ರಿಡ್‌ನಲ್ಲಿ ಓವರ್‌ಟೈಮ್‌ಗೆ ಹೋಗಿ 142-137ಕ್ಕೆ ಸೋತರು. ಅವರ ದೊಡ್ಡ ಆಟಗಾರ ಡ್ಯುರಾಂಟ್ ಬೇರೆ ಬಿಟ್ಟುಹೋಗಿದ್ದ, ಕಥೆ ಮುಗೀತು ಅಂದರು ಜನ. ಅಲ್ಲೇ ಉಳಿದ ವೆಸ್ಟ್‌ಬ್ರೂಕ್ ಆ ವರ್ಷ ಟ್ರಿಪಲ್ ಡಬಲ್ (ಅಂಕ, ತಪ್ಪಿದ ಬಾಲ್ ಹಿಡಿಯುವ ರೀಬೌಂಡ್, ಅಂಕ ತರುವ ಪಾಸ್ ಮೂರೂ ಹತ್ತರ ಮೇಲೆ) ಸರಾಸರಿ ಹಾಕಿ ಲೀಗ್‌ನ ಅತ್ಯುತ್ತಮ ಆಟಗಾರ (ಎಂವಿಪಿ) ಆದ, ಟೀಮ್ 47 ಗೆದ್ದಿತು. ಅಂದಹಾಗೆ ಆ ಮ್ಯಾಡ್ರಿಡ್ ಟೀಮ್‌ನಲ್ಲಿ ಹದಿನೇಳರ ಹುಡುಗ ಒಬ್ಬ ಇದ್ದ, ಲೂಕಾ ಡಾನ್ಚಿಚ್ ಅಂತ.

ಅಷ್ಟಾದ ಮೇಲೆ ಎಕ್ಸೆಲ್ ಬಿಸಾಕಿ ಟೀವಿಗೆ ಟೇಪ್ ಅಂಟಿಸಿದೆ. ಸ್ಕೋರ್ ಬರುವ ಕೆಳಗಿನ ಪಟ್ಟಿಯನ್ನು ಪ್ಯಾಕಿಂಗ್ ಟೇಪ್‌ನಲ್ಲಿ ಮುಚ್ಚಿಬಿಡೋದು. ಟೇಪ್‌ನ ಅಂಟು ಪರದೆ ಮೇಲೆ ಉಳಿದು ಮನೆಯಲ್ಲಿ ದೊಡ್ಡ ಗಲಾಟೆ ಆಯ್ತು, ಆಮೇಲಿಂದ ರಟ್ಟಿನ ಪಟ್ಟಿ. ನೋಡೋದು ಮೊದಲ ಕ್ವಾರ್ಟರ್‌ನ ಮೊದಲ ಆರು ನಿಮಿಷ, ಮೂರನೇ ಕ್ವಾರ್ಟರ್‌ನ ಮೊದಲ ಆರು ನಿಮಿಷ. ಒಂದೊಂದು ಕಡೆಗೆ ಹನ್ನೆರಡು ಹದಿಮೂರು ಪೊಸೆಶನ್ (ಬಾಲ್ ಕೈಗೆ ಬರುವ ಸರದಿ) ಸಿಗುತ್ತೆ. ನಾಲ್ಕನೇ ಕ್ವಾರ್ಟರ್ ಹಾಕೋದೇ ಇಲ್ಲ. ಅಲ್ಲಿ ಆಡುವ ಅರ್ಧ ಹುಡುಗರು ನವೆಂಬರ್‌ನಲ್ಲಿ ಆ ಟೀಮ್‌ನಲ್ಲೇ ಇರಲ್ಲ, ಆದರೆ ಸೋಲು ಗೆಲುವು ಸಾಮಾನ್ಯವಾಗಿ ಅಲ್ಲೇ ತೀರ್ಮಾನ ಆಗುತ್ತೆ. ನಾಟಕದ ತಾಲೀಮಿನಲ್ಲಿ ಪರದೆ ಎಳೆಯುವವನು ಎಡವಿದ್ದಕ್ಕೆ ಕಂಪನಿಯೇ ಬಿತ್ತು ಅಂದ ಹಾಗೆ ನಮ್ಮವರ ಗೋಳು.

ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ. ಒಂದು, ಸ್ಕ್ರೀನ್ ಹಾಕಿದ್ದು ಯಾರು. ಎರಡು, ಆ ಸ್ಕ್ರೀನ್ ಕೆಲಸಕ್ಕೆ ಬಾರದಿದ್ದರೆ ಅವನು ಮುಂದೇನು ಮಾಡಿದ. ಮೂರು, ಬಾಲ್ ಇರುವವನು ಅವನ ಕಡೆ ನೋಡಿದನಾ. ಪಾಸ್ ಕೊಟ್ಟನಾ ಅಂತ ಅಲ್ಲ, ನೋಡಿದನಾ ಅಂತ. ನಾಲ್ಕನೇ ಕಾಲಂ ಹೇಳಲ್ಲ. ಡಿಫೆನ್ಸ್‌ಗೆ ಸಂಬಂಧ ಇದೆ, ಅಷ್ಟು ಸಾಕು.

ಅಬುಧಾಬಿಯ ಮೊದಲ ಪಂದ್ಯ ನಡೆದದ್ದು ಗುರುವಾರ. ಅಲ್ಲಿ ಸಂಜೆ ಅಂದರೆ ನಮಗೆ ಆಫೀಸ್ ಹೊತ್ತು, ಒಂಬತ್ತು ಗಂಟೆ ವ್ಯತ್ಯಾಸ. ಹಾಗಾಗಿ ರಾತ್ರಿ ರೆಕಾರ್ಡಿಂಗ್ ಹಾಕಿಕೊಂಡು, ಒಂದೊಂದು ಪೊಸೆಶನ್ ಎರಡು ಮೂರು ಸಲ ಹಿಂದೆ ಮುಂದೆ ಮಾಡಿ ನೋಡಿದೆ. ಲೈವ್ಲಿ ಬಗ್ಗೆ ನನಗೆ ಕಂಡದ್ದು ಇಷ್ಟು. ಅವನು ಬಂದು ಲೂಕಾಗೆ ಸ್ಕ್ರೀನ್ ಹಾಕ್ತಾನೆ. ಲೂಕಾ ಅದನ್ನು ಬಳಸದೆ ಹಿಂದೆ ಸರೀತಾನೆ, ಅವನ ಅಭ್ಯಾಸವೇ ಅದು. ರೂಕಿಗಳು (ಮೊದಲ ವರ್ಷದ ಆಟಗಾರರು) ಅಲ್ಲಿ ಒಂದು ಕ್ಷಣ ಪೆಚ್ಚಾಗಿ ನಿಲ್ತಾರೆ, ಇಲ್ಲ ಸುಮ್ನೆ ಬುಟ್ಟಿ ಕಡೆ ಹೋಗಿ ದಾರಿಗೆ ಅಡ್ಡ ಆಗ್ತಾರೆ. ಈ ಹುಡುಗ ಅಲ್ಲೇ ತಿರುಗಿ, ಪಾದ ಬದಲಿಸಿ, ಇನ್ನೊಂದು ಬದಿಗೆ ಬಂದು ಮತ್ತೆ ನಿಲ್ತಾನೆ. ಅದೂ ಆಗದಿದ್ದರೆ ಮೂರನೇ ಸಲ. ಆಮೇಲೆ ರಿಮ್ ಕಡೆ ಓಡೋದು ಅರ್ಧ ಮನಸ್ಸಿನಿಂದ ಅಲ್ಲ, ಬಾಲ್ ಬರೋದು ಖಚಿತ ಅನ್ನುವ ಹಾಗೆ. ಎದುರಿಗಿದ್ದವನು ಡಿಫೆನ್ಸ್‌ಗೆ ಹೆಸರಾದ ಟಿಂಬರ್‌ವುಲ್ವ್ಸ್‌ನ ರೂಡಿ ಗೊಬೇರ್, ಬಾಲ್ ಬರುತ್ತಲೂ ಇರಲಿಲ್ಲ. ಅಂಕಪಟ್ಟಿಯಲ್ಲಿ ಇದಕ್ಕೆಲ್ಲ ಸೊನ್ನೆ. ನನ್ನ ಎರಡನೇ ಕಾಲಂ ಮಾತ್ರ ತುಂಬಿಹೋಯ್ತು. ಎರಡನೇ ಪಂದ್ಯದ ಹೊತ್ತಿಗೆ ಮೂರನೇ ಕಾಲಂನಲ್ಲೂ ಗೀಟು ಬೀಳೋಕೆ ಶುರುವಾಯ್ತು.

ಮ್ಯಾಡ್ರಿಡ್ ಪಂದ್ಯದ್ದೇ ಬೇರೆ ಕಥೆ. ಅದು ಲೂಕಾ ಬೆಳೆದ ಮನೆ. ಹದಿಮೂರಕ್ಕೆ ಅಲ್ಲಿಗೆ ಹೋದವನು, 2018ರಲ್ಲಿ ಯೂರೋಲೀಗ್ (ಯೂರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ) ಗೆಲ್ಲಿಸಿಕೊಟ್ಟು ಅಮೆರಿಕಕ್ಕೆ ಬಂದವನು. ಜನ ಬಂದದ್ದೇ ಅವನಿಗಾಗಿ. ಮೀನಖಂಡದ ನೋವಿದ್ದರೂ ಇಳಿದು, ಐದು ನಿಮಿಷ ಆಡಿ, ಒಂಬತ್ತು ಅಂಕ ಹೊಡೆದು ಕೂತ. ಆ ಬೇಸಿಗೆಯಲ್ಲಿ ಸ್ಲೊವೇನಿಯಾಗೆ ವಿಶ್ವಕಪ್ ಬೇರೆ ಆಡಿ ಬಂದಿದ್ದ. ಎದುರಿಗಿದ್ದದ್ದು ಯೂರೋಲೀಗ್ ಚಾಂಪಿಯನ್ ಟೀಮ್, ಅವರ ಸೀಸನ್ ಆಗಲೇ ಶುರುವಾಗಿತ್ತು. ನಮ್ಮವರು ಬೆವರು ಬರಿಸಿಕೊಳ್ಳೋಕೆ ಹೋದವರು. ಅಷ್ಟಾಗಿಯೂ ಅಂತರ ನಾಲ್ಕೇ ಅಂಕ. ಎರಡು ಕಾರ್ನರ್ ತ್ರೀ ಬಿದ್ದಿದ್ದರೆ ನಮ್ಮ ಮಂಡ್ಯದ ಅಣ್ಣ "ಈ ಸಲ ಕಪ್ ನಮ್ದೇ" ಅಂತ ಹೋಳಿಗೆ ಹಂಚಿರೋರು. ಈ ಪಂದ್ಯದಿಂದ ನನಗೆ ಸಿಕ್ಕಿದ್ದು ಕಡಿಮೆ. ಲೂಕಾ ಇದ್ದ ಹತ್ತೋ ಹನ್ನೊಂದೋ ಪೊಸೆಶನ್‌ನಲ್ಲಿ ಯಾರೂ ಏನನ್ನೂ ಅಳೆಯೋಕಾಗಲ್ಲ.

ನಡುವೆ ಕೆಲವು ಕಿತಾಪತಿ ಪ್ರಯೋಗಗಳೂ ಆದವು. ಕಾಮೆಂಟರಿ ಮ್ಯೂಟ್ ಮಾಡಿ ನೋಡೋದು ಒಳ್ಳೇದು. ಅವರು ಯಾರ ಹೆಸರು ಕೂಗ್ತಾರೋ ಕಣ್ಣು ಅವನ ಹಿಂದೆಯೇ ಹೋಗಿಬಿಡುತ್ತೆ. ಮ್ಯಾಡ್ರಿಡ್ ಪಂದ್ಯಕ್ಕೆ ಸ್ಪ್ಯಾನಿಷ್ ಆಡಿಯೋ ಹಾಕಿದೆ, ಅರ್ಥವಾಗದಿದ್ದರೆ ಮ್ಯೂಟ್ ಇದ್ದ ಹಾಗೇ ಅಲ್ವಾ ಅಂತ. ಆಗಲ್ಲ, ಅವರು ಕೂಗೋ ಜೋರಿಗೆ ತಲೆ ಕೆಡುತ್ತೆ. ಮಗನ ಶಾಲೆ ಟೀಮ್ ಮೇಲೂ ಈ ನಾಲ್ಕು ಕಾಲಂ ಹಾಕಿ ನೋಡಿದೆ. ಸ್ಕ್ರೀನ್ ಹಾಕುವವರೇ ಇಲ್ಲ, ಪುಸ್ತಕ ಖಾಲಿ. ಊರಿನಲ್ಲೇ ನಡೆಯುವ ಪ್ರೀಸೀಸನ್ ಪಂದ್ಯಗಳಿಗೂ ಪ್ರಯತ್ನಿಸಿದೆ, ಅಷ್ಟು ಫಲ ಸಿಗಲಿಲ್ಲ. ನನ್ನ ಅಂದಾಜು ಏನಂದರೆ, ಹೊರದೇಶದ ಪಂದ್ಯದಲ್ಲಿ ಟಿಕೆಟ್ ಕೊಂಡವರಿಗೆ ದೊಡ್ಡ ಹೆಸರುಗಳನ್ನು ತೋರಿಸಲೇಬೇಕು, ಹಾಗಾಗಿ ಮುಖ್ಯ ಆಟಗಾರರ ಜೊತೆ ಹೊಸಬರು ನಿಲ್ಲೋದು ಅಲ್ಲೇ ಬೇಗ ಕಾಣುತ್ತೆ.

ಡ್ರಾಫ್ಟ್ ದಿನ ಹನ್ನೆರಡು ಜನ, ತಲೆಗೆ ನೂರು ಡಾಲರ್. ಕೊನೆಯ ಸುತ್ತಿನಲ್ಲಿ ಲೈವ್ಲಿ ಹೆಸರು ಹೇಳಿದಾಗ "ಅವನು ಬೆಂಚ್ ಹುಡುಗ ಕಣೋ, ಡ್ವೈಟ್ ಪವೆಲ್ ಇದಾನಲ್ಲ" ಅಂದರು. ನಿಜ, ಮೊದಲ ಪಂದ್ಯ ಪವೆಲ್‌ನಿಂದಲೇ ಶುರುವಾಯ್ತು. ಸ್ಯಾನ್ ಆಂಟೋನಿಯೋದಲ್ಲಿ ಅದು ಆ ವರ್ಷದ ಮೊದಲ ಪಿಕ್ ವೆಂಬನ್ಯಾಮಾನ ಮೊದಲ ಪಂದ್ಯ, ಲೋಕವೆಲ್ಲ ಅವನನ್ನು ನೋಡುತ್ತಿತ್ತು. ಬೆಂಚ್‌ನಿಂದ ಎದ್ದು ಬಂದ ಲೈವ್ಲಿ 16 ಅಂಕ, 10 ರೀಬೌಂಡ್ ಹಾಕಿದ. ಡಲ್ಲಾಸ್ 126-119ಕ್ಕೆ ಗೆದ್ದಿತು. ಮಾರನೇ ಬೆಳಗ್ಗೆಯೇ ನಮ್ಮ ಲೀಗ್‌ನವರಿಂದ ನನಗೆ ಎರಡು ಟ್ರೇಡ್ (ಆಟಗಾರರ ಅದಲುಬದಲು) ಆಫರ್ ಬಂದವು, ಕೊಡಲಿಲ್ಲ. ಸೀಸನ್ ಮುಗಿದಾಗ ಅವನ ಬುಟ್ಟಿಗೆ ಬಿದ್ದ ಹೊಡೆತ (ಫೀಲ್ಡ್ ಗೋಲ್) ನೂರಕ್ಕೆ 75ರ ಹತ್ತಿರ, ಪಂದ್ಯಕ್ಕೆ ಏಳರ ಹತ್ತಿರ ರೀಬೌಂಡ್. ಫ್ರೀ ಥ್ರೋ (ಫೌಲ್‌ಗೆ ಸಿಗುವ ಹೊಡೆತ) ಮಾತ್ರ ಅರ್ಧಕ್ಕರ್ಧ ಹೊರಗೆ. ನಮ್ಮ ಲೀಗ್‌ನಲ್ಲಿ ಅದಕ್ಕೂ ಪಾಯಿಂಟ್ ಇರುವುದರಿಂದ ಕೆಲವು ವಾರ ಹೊಟ್ಟೆ ಉರಿದದ್ದುಂಟು. ಗಾಯ ಬೇರೆ, 55 ಪಂದ್ಯವಷ್ಟೇ ಆಡಿದ. ಅವನೊಬ್ಬನಿಂದ ಲೀಗ್ ಗೆದ್ದೆ ಅಂದರೆ ಸುಳ್ಳಾಗುತ್ತೆ. ಇದೇ ನೋಟ್‌ಬುಕ್‌ನಿಂದ ಎದ್ದ ಇನ್ನೊಬ್ಬನೂ ಇದ್ದ, ಬೇರೆ ಟೀಮ್‌ನವನು. ಅವನ ಹೆಸರು ಹೇಳಿದರೆ ನಾಲ್ಕನೇ ಕಾಲಂ ಏನು ಅಂತ ಗೊತ್ತಾಗಿಬಿಡುತ್ತೆ.

ಕೈಗೆ ಬಂದದ್ದು 700 ಡಾಲರ್. ಹಿಂದೆ ಹೋದ ಆರುನೂರು ಕಳೆದರೆ ನೂರು ಲಾಭ, ಮುಂಬೈ ಖರ್ಚು ಸೇರಿಸಿದರೆ ಇನ್ನೂ ನಷ್ಟದಲ್ಲೇ ಇದ್ದೀನಿ.

ಮಂಗಳೂರಿನವನ ತಕರಾರು ಇನ್ನೂ ಇದೆ. ಫೆಬ್ರವರಿಯಲ್ಲಿ ಪಿಜೆ ವಾಷಿಂಗ್ಟನ್, ಡೇನಿಯಲ್ ಗ್ಯಾಫರ್ಡ್ ಬಂದಮೇಲೆ ತಾನೇ ಟೀಮ್ ಎದ್ದದ್ದು, ನಿನ್ನ ಅಬುಧಾಬಿ ಕಾಲಂಗೂ ಅದಕ್ಕೂ ಏನು ಸಂಬಂಧ ಮಾರಾಯ ಅಂತಾನೆ. ಅವನ ಮಾತಲ್ಲಿ ಹುರುಳಿದೆ. 50-32, ಐದನೇ ಸ್ಥಾನ, ಪ್ಲೇಆಫ್‌ನಲ್ಲಿ ಕ್ಲಿಪ್ಪರ್ಸ್, ಥಂಡರ್, ಟಿಂಬರ್‌ವುಲ್ವ್ಸ್ ಮೂವರನ್ನೂ ದಾಟಿದ್ದು ನನ್ನ ನೋಟ್‌ಬುಕ್‌ನಲ್ಲಿ ಎಲ್ಲೂ ಇರಲಿಲ್ಲ. ಫೈನಲ್ಸ್‌ನಲ್ಲಿ ಬಾಸ್ಟನ್ ಕೈಲಿ 4-1ಕ್ಕೆ ಸೋಲ್ತಾರೆ ಅಂತಲೂ ಇರಲಿಲ್ಲ. ಟೀಮ್ ಎಷ್ಟು ಗೆಲ್ಲುತ್ತೆ ಅಂತ ಈ ವಿಧಾನ ಹೇಳಲ್ಲ, ಹೇಳುತ್ತೆ ಅಂತ ನಾನೂ ಅಂದಿಲ್ಲ. ಲೂಕಾ ಪಕ್ಕ ಯಾರು ನಿಲ್ತಾರೆ ಅನ್ನೋದನ್ನ ಹೇಳಿತು. ಆದರೂ ವೆಸ್ಟ್ ಫೈನಲ್ಸ್‌ನ (ನಮ್ಮ ಸೆಮಿಫೈನಲ್ ಇದ್ದ ಹಾಗೆ) ಎರಡನೇ ಪಂದ್ಯದಲ್ಲಿ ಅದೇ ಗೊಬೇರ್ ಎದುರು ಲೂಕಾ ಹಿಂದೆ ಸರಿದು ತ್ರೀ ಹೊಡೆದು 109-108 ಮಾಡಿದಾಗ, ಅಬುಧಾಬಿಯ ಎರಡು ಸೋಲಿಗೆ ಅತ್ತವರೆಲ್ಲ ನಮ್ಮ ಮನೆ ಸೋಫಾ ಮೇಲೇ ಕುಣೀತಿದ್ದರು.

2024ರ ಅಕ್ಟೋಬರ್‌ನಲ್ಲಿ ಅಬುಧಾಬಿಗೆ ಸೆಲ್ಟಿಕ್ಸ್ ಮತ್ತು ನಗೆಟ್ಸ್ ಹೋದರು. ಆ ಸಲ ಲೀಗ್ ಫೀಸನ್ನು ತಲೆಗೆ ನೂರೈವತ್ತು ಮಾಡೋಣ ಅಂತ ಮಾತಾಗಿತ್ತು. ಮಂಡ್ಯದ ಅಣ್ಣ ಆಗ ಒಂದು ದಿನ ಕೋರ್ಟ್ ಪಕ್ಕಕ್ಕೆ ಕರೆದು, ಮೆಲ್ಲಗೆ, ರಟ್ಟಿನ ಪಟ್ಟಿ ಎಷ್ಟು ಅಗಲ ಇರಬೇಕು ಅಂತ ಕೇಳಿದರು. ಮೂರು ಇಂಚು ಸಾಕು ಅಂದೆ. ಅಷ್ಟನ್ನು ಹೇಳೋಕೆ ತೊಂದರೆ ಇಲ್ಲ.