ಐವಿಎಫ್ ಇಂಜೆಕ್ಷನ್‌ಗಳು: ಡೋಸ್ ಮತ್ತು ಹೊತ್ತು

ಆಂಟಗೊನಿಸ್ಟ್ ಪದ್ಧತಿಯಲ್ಲಿ (ಅಂಡ ಹೊತ್ತಿಗೆ ಮೊದಲೇ ಬಿಡುಗಡೆಯಾಗದಂತೆ ತಡೆಯುವ ಔಷಧಿ ಸೇರಿಸುವ ಕ್ರಮ) ಮುಟ್ಟಿನ 2 ಅಥವಾ 3ನೇ ದಿನ ಅಂಡ ಬೆಳೆಸುವ ಹಾರ್ಮೋನ್ ಎಫ್‌ಎಸ್‌ಎಚ್ ಶುರು. ಸಾಮಾನ್ಯವಾಗಿ ದಿನಕ್ಕೆ 150ರಿಂದ 225 ಯೂನಿಟ್. ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ಸಮಸ್ಯೆ) ಇದ್ದರೆ, ಎಎಂಎಚ್ (ಅಂಡಗಳ ಸಂಗ್ರಹ ಎಷ್ಟಿದೆ ಎಂದು ಸೂಚಿಸುವ ಹಾರ್ಮೋನ್) ಹೆಚ್ಚಿದ್ದರೆ ಡೋಸ್ ಕಡಿಮೆಯೇ ಇರಲಿ. ಜಾಸ್ತಿ ಔಷಧಿ ಕೊಟ್ಟರೆ ಜಾಸ್ತಿ ಅಂಡ ಎಂಬ ಲೆಕ್ಕ ಇಲ್ಲಿ ಅಪಾಯಕಾರಿ: ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬಬಹುದು.

ಇಂಜೆಕ್ಷನ್ ಶುರುವಾದ 5 ಅಥವಾ 6ನೇ ದಿನದಿಂದ ಆಂಟಗೊನಿಸ್ಟ್ ಔಷಧಿ ಸೆಟ್ರೊರೆಲಿಕ್ಸ್ 0.25 ಮಿ.ಗ್ರಾಂ., ದಿನವೂ ಅದೇ ಹೊತ್ತಿಗೆ. ತಪ್ಪಿದರೆ ಅಂಡ ಬಿಡುಗಡೆ ಮಾಡಿಸುವ ಹಾರ್ಮೋನ್ ಎಲ್‌ಎಚ್ ಏರಿ ಅಂಡ ಮೊದಲೇ ಬಿಡುಗಡೆಯಾಗಬಹುದು. ಮರೆತಿದ್ದರೆ ತಕ್ಷಣ ಕ್ಲಿನಿಕ್‌ಗೆ ಫೋನ್ ಮಾಡಿ.

ಎರಡು-ಮೂರು ಕೋಶಕಗಳು (ಅಂಡಾಶಯದಲ್ಲಿ ಅಂಡ ಬೆಳೆಯುವ ಚೀಲಗಳು) 17-18 ಮಿ.ಮೀ. ಮುಟ್ಟಿದಾಗ ಟ್ರಿಗರ್, ಅಂದರೆ ಅಂಡವನ್ನು ಪೂರ್ತಿ ಮಾಗಿಸುವ ಕೊನೆಯ ಇಂಜೆಕ್ಷನ್. ಅಂಡ ತೆಗೆಯುವುದು ಅದಾದ 34ರಿಂದ 36 ಗಂಟೆಗೆ, ಹಾಗಾಗಿ ಚುಚ್ಚಿದ ನಿಮಿಷವನ್ನೂ ಬರೆದಿಡಿ. ಕೋಶಕಗಳು ತುಂಬಾ ಇದ್ದರೆ ಮಾಮೂಲಿ ಟ್ರಿಗರ್ ಔಷಧಿ ಎಚ್‌ಸಿಜಿ ಬದಲು ಲ್ಯೂಪ್ರೊಲೈಡ್ ಎಂಬ ಔಷಧಿಯ ಟ್ರಿಗರ್ ಕೊಟ್ಟು, ಭ್ರೂಣಗಳನ್ನೆಲ್ಲ ಫ್ರೀಜ್ ಮಾಡುವುದೇ ಕ್ಷೇಮ. ಟ್ರಿಗರ್ ದಿನ ರಕ್ತದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ಮಿ.ಲೀ.ಗೆ 1.5 ನ್ಯಾನೊಗ್ರಾಂ ದಾಟಿದ್ದರೂ ಸಾಮಾನ್ಯವಾಗಿ ಭ್ರೂಣಗಳನ್ನು ಫ್ರೀಜ್ ಮಾಡುತ್ತಾರೆ: ಗರ್ಭಕೋಶದ ಒಳಪದರ ಹೊತ್ತಿಗೆ ಮೊದಲೇ ಬಲಿತಿರುತ್ತದೆ, ತಾಜಾ ಭ್ರೂಣ ಅಂಟುವುದು ಕಷ್ಟ.