ಕ್ವಿನೈನ್ ಕೆಡವಿತು, ಹಾಳೆ ಎತ್ತಿತು

ಪಿಎಚ್‌.ಡಿ. ಅರ್ಹತಾ ಪರೀಕ್ಷೆಗೆ ಮುಂಚಿನ ಅಣಕು ಮೌಖಿಕದಲ್ಲಿ ಒಂದೇ ಪ್ರಶ್ನೆಗೆ ಸಿಕ್ಕಿಬಿದ್ದೆ: ಮಲೇರಿಯಾ ಮದ್ದು ಕ್ವಿನೈನ್‌ನಲ್ಲಿರುವುದು ಕ್ವಿನೋಲಿನ್ ಎಂಬ ಪರಮಾಣು ಉಂಗುರ, ಆದರೂ ಅದು ಇಂಡೋಲ್ ಎಂಬ ಬೇರೆ ಉಂಗುರದ ಆಲ್ಕಲಾಯ್ಡ್‌ಗಳ (ಸಾರಜನಕವುಳ್ಳ ಸಸ್ಯ ರಾಸಾಯನಿಕಗಳ) ನೆಂಟ ಹೇಗೆ? ನೂರಾರು ಮೂಲಿಕೆಗಳ ಹೆಸರು, ಕುಟುಂಬ, ಘಟಕಗಳು ಬಾಯಿಪಾಠವಾಗಿದ್ದವು. ಉತ್ತರ ಮಾತ್ರ ಇರಲಿಲ್ಲ.

ಅಂದೇ ಪಟ್ಟಿಗಳನ್ನು ಬದಿಗಿಟ್ಟೆ. ದೊಡ್ಡ ಹಾಳೆಯ ನಡುವೆ, ಸಸ್ಯಗಳು ಆಲ್ಕಲಾಯ್ಡ್ ಕಟ್ಟಲು ಬಳಸುವ ಅಮೈನೋ ಆಮ್ಲಗಳನ್ನು ಬರೆದು ಕವಲು ಎಳೆಯುತ್ತಾ ಹೋದೆ. ಆರ್ನಿಥಿನ್‌ನಿಂದ ಅಟ್ರೋಪಿನ್‌ನ ಟ್ರೋಪೇನ್ ಉಂಗುರ, ಟೈರೋಸಿನ್‌ನಿಂದ ಮಾರ್ಫಿನ್. ಟ್ರಿಪ್ಟೋಫ್ಯಾನ್ ಕವಲಿನಲ್ಲಿ ಸ್ಟ್ರಿಕ್ಟೋಸಿಡಿನ್ ಎಂಬ ನಡುವಿನ ಸಂಯುಕ್ತ ದಾಟಿದ ಮೇಲೆ ಇಂಡೋಲ್ ಉಂಗುರ ಬಿಚ್ಚಿಕೊಂಡು ಕ್ವಿನೋಲಿನ್ ಆಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಓಹೋ, ಇದೇ ಆ ನೆಂಟಸ್ತಿಕೆ!

ಸೂಕ್ಷ್ಮದರ್ಶಕಕ್ಕೆ ಬೇರೆ ಮದ್ದು ಬೇಕಾಯಿತು. ಬೆಲ್ಲಡೋನ, ಸ್ಟ್ರಾಮೋನಿಯಂ, ಹಯೋಸಯಾಮಸ್ ಈ ಮೂರೂ ಔಷಧ ಸಸ್ಯಗಳ ಎಲೆಯಲ್ಲಿ ಪತ್ರರಂಧ್ರ ಒಂದೇ ಬಗೆಯದು, ಅದರಿಂದ ಗುರುತು ಸಿಗದು. ಎಲೆಪುಡಿಯನ್ನು ತಿಳಿಯಾಗಿಸುವ ಕ್ಲೋರಲ್ ಹೈಡ್ರೇಟ್‌ನಲ್ಲಿ ಬಿಸಿಮಾಡಿ, ಕಂಡದ್ದನ್ನು ನಾನೇ ಚಿತ್ರವಾಗಿ ಬಿಡಿಸಿದೆ: ಮೊದಲನೆಯದರಲ್ಲಿ ಮರಳಿನಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು, ಎರಡನೆಯದರಲ್ಲಿ ಗೊಂಚಲು, ಮೂರನೆಯದರಲ್ಲಿ ಪಟ್ಟಕ. ಬಳಿಕ ಗೆಳತಿ ಹೆಸರಿಲ್ಲದ ಸ್ಲೈಡ್‌ಗಳನ್ನು ಕೊಟ್ಟಳು. ಮೊದಲ ವಾರ ಹತ್ತಕ್ಕೆ ನಾಲ್ಕು ಸರಿ, ನಾಚಿಕೆಯಾಯಿತು, ಬಿಡಲಿಲ್ಲ.

ನಿಜವಾದ ಪರೀಕ್ಷೆಯಲ್ಲಿ ಕ್ವಿನೈನ್ ಬರಲೇ ಇಲ್ಲ. ಆಲ್ಕಲಾಯ್ಡ್ ಪತ್ತೆಹಚ್ಚುವ ಮೇಯರ್ ಕಾರಕಕ್ಕೆ ಬಗ್ಗದ ಕೆಫೀನನ್ನು ಗುರುತಿಸುವುದು ಹೇಗೆಂದು ಕೇಳಿದರು. ಕೆಫೀನ್ ಸೇರಿದ ಪ್ಯೂರಿನ್ ಕವಲನ್ನು ಹಲಗೆಯ ಮೇಲೆ ಎಳೆದು, ನೇರಳೆ ಬಣ್ಣ ಬರುವ ಮ್ಯೂರೆಕ್ಸೈಡ್ ಪರೀಕ್ಷೆ ಎಂದೆ.